ಯಮನವ್ವ ತುಂಬಿಕೊಟ್ಟ ಬಾಟಲಿ

ಲ್ಯಾಬಿನಿಂದ ಫೋನ್ ಬಂದಾಗ ನಾನು ರಾಯಚೂರಿನ ಪ್ರೆಸ್ಸಿನಲ್ಲಿದ್ದೆ. ಎದುರಿಗೆ 'ವಿಷ ಕುಡಿಸುವವರಿಗೆ ಧಿಕ್ಕಾರ' ಎಂಬ ನನ್ನ ಕರಪತ್ರ ಬಿಸಿಬಿಸಿಯಾಗಿ ಅಚ್ಚಾಗುತ್ತಿತ್ತು.

ನೀರು ಶುದ್ಧವಾಗಿದೆಯಂತೆ...

ಜಾಲಹಳ್ಳಿಯ ನಮ್ಮ ಕೇರಿಯ ಬೋರಿನಲ್ಲಿ ಆರ್ಸೆನಿಕ್ ವಿಷ ಇದೆ ಅಂತ ನಮ್ಮ ಅನುಮಾನ. ನನ್ನ ದೊಡ್ಡವ್ವ ಯಮನವ್ವನ ಅಂಗೈ ತುಂಬ ಗಂಟುಗಳಾಗಿವೆ.

ದೇವದುರ್ಗದಿಂದ ಬಂದ ಸರ್ಕಾರಿ ಅಧಿಕಾರಿಗಳು ನೀರನ್ನು ಕಿಟ್‌ನಲ್ಲಿ ನೋಡಿ 'ಪತ್ತೆಯಾಗಿಲ್ಲ' ಅಂತ ಬರೆದು ಹೋದರು. ವಿಷ ಪತ್ತೆಯಾಗದಿದ್ದರೆ ಕೇರಿಗೆ ಬೇರೆ ನೀರಿನ ಪೈಪ್‌ಲೈನ್ ಹಾಕಿಕೊಡುವುದಿಲ್ಲ.

ಫೋನ್ ಮಾಡಿದವಳು ಮಾನ್ವಿಯ ನನ್ನ ಗೆಳೆಯನ ಮಗಳು. ದೂರದ ಲ್ಯಾಬಿನಲ್ಲಿ ಕ್ವಾಂಟಮ್ ಬೆಳಕಿನ ಮೇಲೆ ರಿಸರ್ಚ್ ಮಾಡುತ್ತಾಳೆ.

ಕೂದಲಿಗಿಂತ ಸಾವಿರ ಪಟ್ಟು ಸಣ್ಣ ಚಿನ್ನದ ಕಣಗಳ ಮೇಲೆ ಬೆಳಕು ಬಿಟ್ಟು, ನೀರಿನಲ್ಲಿ ಏನಿದೆ ಅಂತ ಓದುತ್ತಾಳೆ. ಮಾಮೂಲಿ ಬೆಳಕು ಸಂತೆಯ ಜನರಂತೆ ಎದ್ದುಬಿದ್ದು ಬರುತ್ತದೆ, ಆ ಗದ್ದಲದಲ್ಲಿ ಸಣ್ಣ ದನಿ ಮುಳುಗಿಹೋಗುತ್ತದೆ. ಕ್ವಾಂಟಮ್ ಬೆಳಕು ಶಿಸ್ತಿನಿಂದ ಬರುತ್ತದಂತೆ. ಗದ್ದಲ ತಗ್ಗಿದರೆ ಚೂರು ವಿಷವೂ ಕಾಣುತ್ತದಂತೆ.

ಮೂವತ್ತು ವರ್ಷ ಮೈಕು ಹಿಡಿದು ಗದ್ದಲ ಎಬ್ಬಿಸಿದವನು ನಾನು. ಗದ್ದಲ ತಗ್ಗಿಸುವ ಈ ಬೆಳಕಿಗೂ ಒಪ್ಪಿ ತಲೆಯಾಡಿಸಿದ್ದೆ.

ಅವಳು ಕಳಿಸಿದ ಬಾಟಲಿಯನ್ನು ದೊಡ್ಡವ್ವನ ಕೈಗೆ ಕೊಟ್ಟು, ನೀರು ತುಂಬಿಡು ಅಂದಿದ್ದೆ. ಜೊತೆಗೆ ನಿಲ್ಲಲಿಲ್ಲ, ಓಣಿಯಲ್ಲಿ ನನ್ನ ಭಾಷಣವಿತ್ತಲ್ಲ!

"ಕಾಕಾ, ಇದು ಬೋರಿನ ನೀರೇ ಅಲ್ಲ," ಅಂದಳು ಹುಡುಗಿ. "ಫಿಲ್ಟರ್ ನೀರು ಇದ್ದಂಗ ಅದ. ತುಂಬಿದವ್ರು ಯಾರು?"

ಕರಪತ್ರ ಅಲ್ಲೇ ಬಿಟ್ಟು ಜಾಲಹಳ್ಳಿ ಬಸ್ಸು ಹತ್ತಿದೆ.

ದೊಡ್ಡವ್ವ ಏನೂ ಮುಚ್ಚಿಡಲಿಲ್ಲ. ಬಿಸಿಲಲ್ಲಿ ಊರೊಳಗಿನ ಫಿಲ್ಟರ್ ಘಟಕದ ತನಕ ನಡೆದು, ಬಾಟಲಿಯನ್ನು ಎರಡು ಸಲ ತೊಳೆದು, ತುಂಬಿ ತಂದಿದ್ದಳಂತೆ.

"ಅಷ್ಟು ದೊಡ್ಡವ್ರಿಗೆ ಕಳಸೋದು ಯಪ್ಪಾ. ನಮ್ಮ ಕೇರಿ ನೀರು ಅವ್ರು ಮುಟ್ತಾರೇನು?"

ಸಮಾನತೆಯ ಮೇಲೆ ನಾನು ಮಾಡಿದ ಭಾಷಣಗಳಿಗೆ ಲೆಕ್ಕವಿಲ್ಲ.

ಇನ್ನೊಂದು ಬಾಟಲಿ ಕೊಟ್ಟು, ಈ ಸಲ ಬೋರಿನ ಹತ್ತಿರ ನಾನೂ ನಿಂತೆ. ದೊಡ್ಡವ್ವ ತುಂಬಿದಳು, ಸೆರಗಿನಿಂದ ಒರೆಸಿದಳು, ಕೊಡುವ ಮುಂಚೆ ತಡೆದಳು.

"ಅವ್ರಿಗೆ ಹೇಳು, ಕುಡಿಬ್ಯಾಡ್ರಿ ಅಂತ."

ಅಷ್ಟು ಹೇಳಿ, ಅದೇ ಬೋರಿನಲ್ಲಿ ತನ್ನ ಕೊಡ ತುಂಬಿಕೊಂಡು ಮನೆಗೆ ನಡೆದಳು.

ಬಾಟಲಿ ಲ್ಯಾಬಿಗೆ ಹೋಗಿದೆ, ವಿಷ ಇದ್ದರೆ ಆ ಬೆಳಕು ಹಿಡಿಯುತ್ತದೆ. 'ನಮ್ಮ ಕೇರಿ ನೀರು ಅವ್ರು ಮುಟ್ತಾರೇನು' ಅಂತ ದೊಡ್ಡವ್ವನಿಗೆ ಅನ್ನಿಸುವಂತೆ ಮಾಡಿದ ವಿಷವನ್ನು ಯಾವ ಕಿಟ್‌ನಲ್ಲಿ ನೋಡೋಣ, ಹೇಳಿ?