ಗೌರಿ ಬೇಡವೆಂದ ಮಫಿನ್

ಮಿತ್ರರೇ, ಇವತ್ತು ಅರಕಲಗೂಡಿನ ನಮ್ಮ ಮನೆಯಲ್ಲಿ ನಾನೇ ಒಲೆಯ ಮುಂದೆ ಕೂತೆ. ಜ್ವರ ಬಿಟ್ಟು ಎದ್ದ ಮೊಮ್ಮಗಳು ಗೌರಿ ಏನು ಕೊಟ್ಟರೂ ಬಾಯಿ ಬಿಗಿದು ಕೂರುತ್ತಿದ್ದಳು. ನೆಸೆಸಿಟಿ ಈಸ್ ದಿ ಮದರ್ ಆಫ್... ಯಾವುದರದೋ ತಾಯಿ, ನೆನಪಾಗುತ್ತಿಲ್ಲ. ನನ್ನವಳು ಇದ್ದಿದ್ದರೆ ಒಲೆ ಮುಟ್ಟಲು ಬಿಡುತ್ತಿರಲಿಲ್ಲ, ಅದಿರಲಿ. ಕಾಫಿ ತೋಟದ ದೊರೆಸಾನಿಯೊಬ್ಬಳು ಹಿಂದೆ ಹೇಳಿಕೊಟ್ಟಿದ್ದ ಮಫಿನ್ ಮಾಡಿದೆ. ಬಾಳೆಹಣ್ಣು ಕಿವುಚಿ, ಗೋಧಿ ಹಿಟ್ಟು, ಬೆಲ್ಲ, ಮೊಸರು, ಚಿಟಿಕೆ ಸೋಡಾ ಕಲಸಿ ಸಣ್ಣ ಬಟ್ಟಲುಗಳಿಗೆ ಹುಯ್ದೆ. ಮರಳು ಹಾಕಿದ ಪಾತ್ರೆಯೊಳಗೆ ಅವನ್ನಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿದೆ.

ನನ್ನ ಅಕ್ಕ ಬಾಗಿಲಲ್ಲೇ ನಿಂತು, "ದೊರೆಸಾನಿ ತಿಂಡಿ ಅಂತೀಯ, ಮೊಟ್ಟೆ ಗಿಟ್ಟೆ ಆಕಿಲ್ಲ ತಾನೆ?" ಎಂದಳು.

"ಇಲ್ಲ ಕಣಕ್ಕ, ಪ್ಯೂರ್ ಬಾಳೆಹಣ್ಣು."

ಚೆನ್ನಾಗಿಯೇ ಉಬ್ಬಿ ಬಂದವು. ಗೌರಿ ಒಂದನ್ನು ಮೂಸಿ ನೋಡಿ, "ಬ್ಯಾಡ ತಾತ," ಎಂದು ತಳ್ಳಿದಳು. ನನ್ನ ಮುಖ ಇಳಿದುಹೋಯಿತು.

ಅಕ್ಕ ಗೌರಿ ಮೂಸಿದ್ದನ್ನು ಪಕ್ಕಕ್ಕಿಟ್ಟು, ತಟ್ಟೆ ಎತ್ತಿಕೊಂಡು ದೇವರ ಕೋಣೆಗೆ ಹೋದಳು. ಗಂಟೆ ಬಾರಿಸಿದ್ದು ಕೇಳಿಸಿತು. ತಿರುಗಿ ಬಂದವಳು ಒಂದು ಮಫಿನ್ ಮುರಿದು, "ಪ್ರಸಾದ ಕಣವ್ವ, ಕೈ ಒಡ್ಡು," ಎಂದಳು.

ಪ್ರಸಾದವನ್ನು ಬೇಡವೆನ್ನಲು ನಮ್ಮ ಮನೆಯ ಯಾವ ಮಗುವೂ ಕಲಿತಿಲ್ಲ. ಗೌರಿ ಬಲಗೈ ಒಡ್ಡಿದಳು, ಕಣ್ಣಿಗೊತ್ತಿಕೊಂಡಳು, ಚೂರೂ ಬಿಡದೆ ತಿಂದಳು. ಆಮೇಲೆ ತಟ್ಟೆಯಲ್ಲಿ ಮಿಕ್ಕದ್ದನ್ನು ನೋಡುತ್ತಾ, "ಅಜ್ಜಿ, ದೇವ್ರಿಗೆ ಇನ್ನೂ ಅಸಿವಂತೆ," ಎಂದಳು.

ಹೊಗೆ ಕುಡಿದವನು ನಾನು, ಕ್ರೆಡಿಟ್ ದೇವರಿಗೆ. ನೋ ಅಬ್ಜೆಕ್ಷನ್.