ಗೇಣಿ ಮಸೂದೆ ಪಾಸಾಗುವ ತನಕ

ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಶಿವಮೊಗ್ಗ ಸ್ಟೇಷನ್ನಿನ ಬೆಂಚಿನ ಮೇಲೆ ನಾನು, ಪಕ್ಕದಲ್ಲಿ ಸೋಗಾನೆಯ ಗೇಣಿದಾರ ಹನುಮಪ್ಪ ಮತ್ತು ಅವನ ಹೆಂಡತಿ ಗೌರಮ್ಮ. ನಾನು ಭದ್ರಾವತಿಗೆ ಹೊರಟವನು. ಅವರು ಬಂದದ್ದು ಬೆಂಗಳೂರಿನ ರೈಲಿನಲ್ಲಿ ಬರುವ ಪತ್ರಿಕೆಗಾಗಿ. ಓದಲು ಬಾರದ ಹನುಮಪ್ಪ ಅದನ್ನು ನನ್ನ ಕೈಗೆ ಕೊಟ್ಟು, "ಗೇಣಿ ಮಸೂದೆ ಪಾಸಾಯ್ತಾ ನೋಡಿ ಸ್ವಾಮಿ" ಎಂದ.

ಆಗಿರಲಿಲ್ಲ. ವಿಧಾನಸಭೆ ಅದನ್ನು ಪರಿಶೀಲನೆಗೆಂದು ಸಮಿತಿಗೆ ಒಪ್ಪಿಸಿತ್ತು. ಇನ್ನೂ ತಿಂಗಳುಗಟ್ಟಲೆ ಹಿಡಿಯಬಹುದು ಎಂದೆ. ಅವನು ಆಚೀಚೆ ನೋಡಿಕೊಂಡ. ಎಡಗೈ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ತೋರಿಸಿದ. ಒಳಗೆ ಗಾಯವೇ ಇರಲಿಲ್ಲ. ಜಮೀನನ್ನು ತಾನಾಗಿಯೇ ಬಿಟ್ಟುಕೊಟ್ಟೆನೆಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಭೂಮಿಯ ಒಡೆಯರು ವಾರದಿಂದ ಹೇಳಿಕಳಿಸುತ್ತಿದ್ದರಂತೆ. ಗೇಣಿದಾರರನ್ನು ಒಕ್ಕಲೆಬ್ಬಿಸದಂತೆ ತಡೆಯುವ ಕಾಯಿದೆ ಬರುವ ತನಕ ದಿನ ತಳ್ಳಲು, ಕುಡುಗೋಲು ತಗುಲಿದೆಯೆಂದು ಇವನು ನೆಪ ಹೇಳುತ್ತಿದ್ದ.

"ತಿಂಗಳಾನುಗಟ್ಟಲೆ ಮಾಯದ ಗಾಯ ಎಲ್ಲಿರುತ್ತೆ ಮಾರಾಯ್ರೆ?" ಎಂದಳು ಗೌರಮ್ಮ ಗಂಡನಿಗೆ. "ಇವತ್ತು ಸಂಜೆ ಬಾ ಅಂದಿದಾರೆ. ಬಲಗೈದು ಒತ್ತು ಅಂದ್ರೆ ಏನ್ ಮಾಡ್ತೀರಿ?"

ಹನುಮಪ್ಪ ಬಿಚ್ಚಿದ ಬಟ್ಟೆಯನ್ನು ಎಡಗೈ ಹೆಬ್ಬೆರಳಿಗೆ ಮತ್ತೆ ಸುತ್ತಿಕೊಂಡ.

ನನ್ನ ರೈಲು ಹೊರಡುವ ಗಂಟೆ ಹೊಡೆಯಿತು. ಸುಳ್ಳು ಹೇಳಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ನನ್ನ ಕರವಸ್ತ್ರವನ್ನು ಉದ್ದಕ್ಕೆ ಹರಿದು, ಅವನ ಬಲಗೈ ಹೆಬ್ಬೆರಳಿಗೂ ಬಿಗಿಯಾಗಿ ಸುತ್ತಿ ಗಂಟು ಹಾಕಿದೆ.