ಟ್ರಿಗರಿನ ಹೊರಗಿನ ಬೆರಳು

ಹೊಲಿಗೆ ಯಂತ್ರದ ಕೆಳಗಿನ ಬಿಸ್ಕೀಟು ಡಬ್ಬಿಯಲ್ಲಿ ಹುಕ್ಕು ಹುಡುಕಲು ಕೈ ಹಾಕಿದರೆ ಬಂದದ್ದು ಹುಕ್ಕಲ್ಲ, ಗೇಣುದ್ದದ ಒಂದು ಕ್ಯಾನ್ವಾಸ್ ಚೀಲ. ನಾನೇ ಹೊಲಿದದ್ದು. ಮೂಗಿಗೆ ಹಿಡಿದೆ. ಗ್ಯಾರೇಜಿನ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಬ್ಲೌಸಿನ ಅಳತೆ ಕೊಡಲು ದಾಂಡೇಲಿಯಿಂದ ಬಂದಿದ್ದ ಕಾಲೇಜು ಹುಡುಗಿ ಎದುರಿಗೇ ನಿಂತಿದ್ದಳು. ಅವಳ ಕಣ್ಣು ಅರಳಿತು.

"ಅಕ್ಕಾರ, ಇದು ಪಿಸ್ತೂಲಿನ ಚೀಲ ಅಲ್ರೀ? ನಮ್ಮ ಕಾಕಾನ ಮಗ ಬೆಳಗಾವ್ಯಾಗ ಶೂಟಿಂಗ್ ಸ್ಪರ್ಧೆಗೆ ಹೊಕ್ಕಾನ. ನನಗೂ ಭಾಳ ಆಸೆ ಐತ್ರಿ. ನೀವು ಹೊಡೀತಿದ್ರಂತ ಕೇಳೇನಿ. ಹೊಸಬರು ಮೊದಲ ಏನು ಕಲೀಬೇಕು, ಹೇಳ್ರಿ?"

"ಕೈ ಮ್ಯಾಲೆತ್ತು, ತೋಳಿನ ಅಳತಿ ತಗೋತೇನಿ" ಎಂದು ಮಾತು ಹಾರಿಸಿದೆ. ಅವಳು ಬಿಡುವ ಪೈಕಿಯವಳಲ್ಲ. ನಾಳೆ ಬ್ಲೌಸಿಗೆ ಬಂದಾಗ ಹೇಳುತ್ತೇನೆಂದು ಸಾಗಹಾಕಿದೆ. ಅವಳು ಹೋದ ಮೇಲೆ ಒಂದು ತೋಳನ್ನು ತಿರುವುಮುರುವು ಹೊಲಿದು, ಬಿಚ್ಚಿ, ಮತ್ತೆ ಹಾಗೆಯೇ ಹೊಲಿದೆ. ನಲವತ್ತೆಂಟರ ವಯಸ್ಸಿನ ಟೇಲರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ದಾವಲಸಾಬರು ಈ ಹಳಿಯಾಳದ ನನ್ನ ಅಂಗಡಿಗೆ ಮೊದಲ ಸಲ ಬಂದದ್ದು ನೆನಪಾಯಿತು. ಪಟ್ಟಣದ ಅಂಚಿನಲ್ಲಿ ಅವರದು ಮೋಟರ್‌ಸೈಕಲ್ ಗ್ಯಾರೇಜು. ಅದಕ್ಕೂ ಮೊದಲು ಸೈನ್ಯದಲ್ಲಿ ಹವಾಲ್ದಾರರಾಗಿದ್ದವರು. ಒಳಗೆ ಬಂದವರೇ ಸೊಂಟದಿಂದ ಪಿಸ್ತೂಲು ತೆಗೆದು ನನ್ನ ಯಂತ್ರದ ಮೇಲಿಟ್ಟರು. ನಾನು ಅಯ್ಯಯ್ಯೋ ಎಂದು ಕಿರುಚಿದೆ. ಪೊಲೀಸರನ್ನು ಕರೆಯುತ್ತೇನೆ ಅಂದೆ.

"ಕರೀರಿ ಬಾಯಿ, ಅವರೂ ಒಂದೊಂದು ಹೊಲಿಸಿಕೊಳ್ಳಲಿ. ಇದು ಕಟಗೀದು. ಇದರ ಅಳತಿಗೆ ಸೊಂಟಕ್ಕ ಕಟ್ಟೋ ಚೀಲ ಬೇಕು. ತೆಗಿಯೂ ಮುಂದ ಸಿಕ್ಕೋಬಾರದು, ಓಡೂ ಮುಂದ ಬೀಳಬಾರದು."

ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದ ಮೇಲೆ ನನಗೂ ಹಟ ಹತ್ತಿತು. ಅದು ಓಡುವಾಗ ಹೇಗೆ ನಿಲ್ಲುತ್ತದೆಂದು ಕಣ್ಣಾರೆ ನೋಡಿಯೇ ಬಿಡೋಣ ಎಂದು ಅವರು ಶೂಟಿಂಗ್ ಕಲಿಸುತ್ತಿದ್ದ ಊರ ಹೊರಗಿನ ಪಾಳು ಇಟ್ಟಂಗಿ ಭಟ್ಟಿಗೆ ಹೋದೆ. ನೋಡಲು ಹೋದವಳು ಮೂರು ವರ್ಷ ಅಲ್ಲಿಯೇ ಉಳಿದೆ. ನಮ್ಮ ಮನೆಯವರು ಬಿದ್ದು ಬಿದ್ದು ನಕ್ಕರು. "ಸೂಜಿಗೆ ದಾರ ಏರಸಾಕ ನನ್ನ ಕರೀತಾಳ, ಇಕಿ ಗುಂಡು ಹೊಡೀತಾಳಂತ!"

ಪಿಸ್ತೂಲು ಅಂದರೆ ಪರವಾನಗಿಯ ನಿಜವಾದ ಪಿಸ್ತೂಲಲ್ಲ, ಅದು ನಮ್ಮಂಥವರಿಗೆ ಎಲ್ಲಿಯದು? ಪುಟ್ಟ ಸಿಲಿಂಡರಿನ ಗ್ಯಾಸಿನಿಂದ ಸಣ್ಣ ಗುಂಡು ಹಾರಿಸುವಂಥದ್ದು. ಆದರೂ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಆಟವೂ ನೀವು ಟಿವಿಯಲ್ಲಿ ನೋಡಿರುವ, ಗೊಂಬೆಯ ಹಾಗೆ ಒಂದು ಕಡೆ ನಿಂತು ಗುರಿಯಿಡುವ ಆಟವಲ್ಲ. ಬಜರ್ ಕೂಗಿದ ಕೂಡಲೇ ಸೊಂಟದಿಂದ ಪಿಸ್ತೂಲು ಎಳೆಯಬೇಕು, ಇಟ್ಟಂಗಿ ಗೋಡೆಯ ಈಚೆಯಿಂದ ಎರಡು, ಆಚೆಯಿಂದ ಮೂರು, ಕಿಂಡಿಯೊಳಗಿಂದ ಮತ್ತೆರಡು ಎಂದು ಓಡಾಡಿ ತಗಡಿನ ತಟ್ಟೆಗಳನ್ನು ಬೀಳಿಸಬೇಕು. ಸಮಯವನ್ನೂ ಎಣಿಸುತ್ತಾರೆ, ಬಿದ್ದ ತಟ್ಟೆಗಳನ್ನೂ ಎಣಿಸುತ್ತಾರೆ.

ಮೊದಲ ತಿಂಗಳು ನಮ್ಮ ಉಸ್ತಾದರಾದ ದಾವಲಸಾಬರು ನನ್ನ ಕೈಗೆ ಗುಂಡು ಕೊಡಲೇ ಇಲ್ಲ. ಉಳಿದವರು ಬೀಳಿಸಿದ ತಟ್ಟೆ ಎತ್ತಿ ನಿಲ್ಲಿಸುವುದು, ಬೇರೆಯವರ ತಪ್ಪು ನೋಡುವುದು, ಇಷ್ಟೇ ಕೆಲಸ. ಆಮೇಲೆ ಕಟ್ಟಿಗೆಯ ಪಿಸ್ತೂಲು. "ವೇಗ ತಾನ ಬರತೈತಿ ಬೇಟಾ. ಅವಸರ ಮಾಡಿದ್ರ ವೇಗ ಬರಂಗಿಲ್ಲ, ತಪ್ಪು ಬರತಾವ" ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ದುಬಾರಿ ಬೆಲ್ಟು, ಕರಿ ಕನ್ನಡಕ, ಕೈಗವಸು ತಂದವರೆಲ್ಲ ಎರಡು ತಿಂಗಳಿಗೆ ಮಾಯವಾದರು. ಉಳಿದವರು ಮೂವರು: ಜೋಯಿಡಾದ ಒಬ್ಬ ಹೋಟೆಲ್ ಅಡುಗೆಯವ, ಮುಂಡಗೋಡದ ಒಬ್ಬ ಲಾರಿ ಚಾಲಕ, ಮತ್ತು ನಾನು.

ಎರಡೇ ಎರಡು ಮಾತು ಅವರು ದಿನವೂ ಹೇಳುತ್ತಿದ್ದರು. ಒಂದು, ಬೆರಳಿನದು. ಗುರಿಯ ಮೇಲೆ ಕಣ್ಣಿಟ್ಟಾಗ ಮಾತ್ರ ಬೆರಳು ಟ್ರಿಗರಿಗೆ ಹೋಗಬೇಕು. ಓಡುವಾಗ, ನಡೆಯುವಾಗ, ಉಸಿರು ಬಿಡುವಾಗ ಅದು ಹೊರಗೆ, ಪಿಸ್ತೂಲಿನ ಪಕ್ಕೆಗುಂಟ ಸೆಟೆದು ಮಲಗಿರಬೇಕು. ಇದನ್ನು ನನಗೆ ಎಷ್ಟು ಅರೆದು ಕುಡಿಸಿದರೆಂದರೆ, ಈಗಲೂ ನಾನು ಕತ್ತರಿ ಹಿಡಿದರೆ ತೋರುಬೆರಳು ಮೇಲೆ ನೆಟ್ಟಗಿರುತ್ತದೆ. ಚಹಾದ ಗ್ಲಾಸು ಹಿಡಿದರೂ ಅಷ್ಟೇ. ಗಿರಾಕಿಗಳು ಏನು ಬಾಯಿ, ಬೆರಳಿಗೆ ಪೆಟ್ಟಾಗಿದೆಯೇ ಎಂದು ಕೇಳುತ್ತಾರೆ.

ಎರಡನೆಯದು ಪಿಸ್ತೂಲಿನ ಬಾಯಿಯದು. ಅದು ಯಾವಾಗಲೂ ಪಶ್ಚಿಮದ ಮಣ್ಣುದಿಬ್ಬದ ಕಡೆಗೇ ಇರಬೇಕು. ಜಗತ್ತೇ ಮುಳುಗಿದರೂ ಹಿಂದಕ್ಕೆ ತಿರುಗುವಂತಿಲ್ಲ. ಕೇಳಲು ಸುಲಭವೆನಿಸುತ್ತದೆ, ಅಲ್ಲವೇ? ನಮ್ಮ ಮನೆಗಳಲ್ಲಿ ಬೆಳೆದವರನ್ನು ಕೇಳಿ ನೋಡಿ. ಹಿರಿಯರು ಕರೆದರೆ ಬೆನ್ನು ತೋರಿಸಿ ಓಗೊಡುವುದುಂಟೇ? ನಮ್ಮಪ್ಪ ಅಂಗಡಿಯಿಂದ "ತಂಗಿ" ಎಂದರೆ, ಕೈಯಲ್ಲಿ ರೊಟ್ಟಿ ಇರಲಿ, ಕೊಡಪಾನವಿರಲಿ, ಇಡೀ ಮೈ ತಿರುಗಿಸಿ "ರೀ" ಅನ್ನಬೇಕು. ಬೆನ್ನು ಕೊಟ್ಟು "ಓ" ಎಂದದ್ದಕ್ಕೆ ಅವ್ವನ ಕೈಯಲ್ಲಿ ಏಟು ತಿಂದಿದ್ದೇನೆ. ಆ ಮೈಗೆ ತಿರುಗಬೇಡ ಎಂದರೆ ಅದು ಹೇಗೆ ಕೇಳೀತು?

ಉಸ್ತಾದರಿಗೆ ಇದು ಗೊತ್ತಿತ್ತು. ಓಡಿ ಗುರಿಯಿಡುತ್ತಿರುವಾಗ ಬೇಕೆಂದೇ ಹಿಂದಿನಿಂದ ಕರೆಯುತ್ತಿದ್ದರು. "ಬೇಟಾ, ಚಾ ಆರಾಕತ್ತೈತಿ!" ನಾನು ಗರ್ರನೆ ತಿರುಗುತ್ತಿದ್ದೆ. ಅವರು ಹಣೆ ಬಡಿದುಕೊಳ್ಳುತ್ತಿದ್ದರು. "ಸತ್ತೆ ನಾನು. ಇವತ್ತಿಗೆ ನಾಕನೇ ಸಲ ಸತ್ತೆ. ಬಾಯಿಲೆ ಓ ಅನ್ನು, ಮೈ ತಿರುವಬ್ಯಾಡ." ಒಂದು ವರ್ಷ ಹಿಡಿಯಿತು. ಕೊನೆಗೊಂದು ದಿನ ಅವರು ಎಂಟು ಸಲ ಕರೆದರೂ ನಾನು ತಿರುಗಲಿಲ್ಲ. ಅಂದು ಭಟ್ಟಿಯಲ್ಲಿದ್ದವರಿಗೆಲ್ಲ ಮಿರ್ಚಿಭಜಿ ತರಿಸಿದರು. ಆಮೇಲೆ ಮಣ್ಣುದಿಬ್ಬದ ಮುಂದೆ ಚಾಪೆ ಹಾಸಿ ಸಂಜೆಯ ನಮಾಜು ಮಾಡಿದರು. ನಮ್ಮ ಗುರಿಯೂ ಪಶ್ಚಿಮ, ಅವರ ನಮಾಜೂ ಪಶ್ಚಿಮ. ಅವರು ಮುಗಿಸುವವರೆಗೆ ನಾವು ಪಿಸ್ತೂಲು ಮುಟ್ಟದೆ ಹಿಂದೆ ಕೂತಿರುತ್ತಿದ್ದೆವು.

ಅಷ್ಟರಲ್ಲಿ ಅವರ ಕಣ್ಣು ಮಂಜಾಗತೊಡಗಿತ್ತು. ಹುಬ್ಬಳ್ಳಿಯ ಡಾಕ್ಟರು ನರ ಒಣಗುತ್ತಿದೆ, ಹೋದ ದೃಷ್ಟಿ ಮತ್ತೆ ಬರುವಂಥದ್ದಲ್ಲ ಅಂದರಂತೆ. ತಟ್ಟೆ ಬಿದ್ದದ್ದು ಅವರಿಗೆ ಕಾಣುತ್ತಿರಲಿಲ್ಲ, ಟಣ್ ಎಂಬ ಸದ್ದಿನಿಂದ ಎಣಿಸುತ್ತಿದ್ದರು. ಅವರಿಗೆ ಉಳಿದಿದ್ದ ಆಸೆ ಒಂದೇ. ಭಟ್ಟಿಗೆ ಶೂಟಿಂಗ್ ಸಂಘದ ಮಾನ್ಯತೆ ಸಿಗಬೇಕು. ಅದಿಲ್ಲದಿದ್ದರೆ ಸರ್ಕಾರಿ ಕಚೇರಿಯವರು ಇನ್ನು ಅಲ್ಲಿ ಗುಂಡು ಹಾರಿಸಲು ಬಿಡುವುದಿಲ್ಲವೆಂದಿದ್ದರು. ಸ್ಪರ್ಧೆ ನಡೆಸುವ ಸಂಘದವರು ಒಂದು ದಿನ ಭಟ್ಟಿಗೇ ಬಂದು ಪರೀಕ್ಷೆ ಮಾಡುವುದೆಂದಾಯಿತು. ನಮ್ಮವರಲ್ಲಿ ಒಬ್ಬರಾದರೂ ನಿಯಮ ತಪ್ಪದೆ ಆಟ ಮುಗಿಸಬೇಕು. ಗೆಲ್ಲಬೇಕೆಂದಿಲ್ಲ, ಮುಗಿಸಿದರೆ ಸಾಕು.

ಆ ದಿನ ಜೋಯಿಡಾದವ ಬರಲೇ ಇಲ್ಲ, ಹೋಟೆಲಿನಲ್ಲಿ ಬೇರೊಬ್ಬ ಅಡುಗೆಯವ ಸಿಕ್ಕಿರಲಿಲ್ಲವಂತೆ. ಮುಂಡಗೋಡದವನ ಪಿಸ್ತೂಲಿನ ಗ್ಯಾಸು ಸೋರಿ ಅರ್ಧಕ್ಕೇ ನಿಂತಿತು. ಉಳಿದವಳು ನಾನು. ಉಸ್ತಾದರು ಹಗ್ಗದ ಆಚೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಹೊಸ ಜುಬ್ಬ, ಅದೂ ನಾನೇ ಹೊಲಿದದ್ದು.

ಬಜರ್ ಆಯಿತು. ನನ್ನ ಮೈ ನನ್ನದಾಗಿರಲಿಲ್ಲ ನೋಡಿ, ಅಷ್ಟು ಹಗುರ. ಎರಡು ತಟ್ಟೆ. ಮೂರು. ಕಿಂಡಿಯಿಂದ ಮತ್ತೆರಡು. ಏಳು ಬಿದ್ದಿದ್ದವು. ಎಂಟನೆಯದಕ್ಕೆ ಗೋಡೆ ಸುತ್ತಿ ಹೋಗುವಾಗ ಪಿಸ್ತೂಲಿನ ಹಿಡಿಯೊಳಗಿನ ಗುಂಡಿನ ಪಟ್ಟಿ ಬದಲಿಸಬೇಕಿತ್ತು. ಅದು ಒಂದಿಷ್ಟು ಸಿಕ್ಕಿಕೊಂಡಿತು. ನಾನು ಗಾಬರಿಯಾಗಲಿಲ್ಲ, ತಡಮಾಡಿದೆ ಅಷ್ಟೇ. ಹಿಂದೆ ಕೂತವರಿಗೆ ಕಂಡದ್ದು ಒಬ್ಬ ಹೆಂಗಸು ಸಾವಕಾಶವಾಗಿ ಪಟ್ಟಿ ಬದಲಿಸುವುದು. ಕಣ್ಣು ಮಂಜಾದ ಉಸ್ತಾದರಿಗೆ ಕೇಳಿಸಿದ್ದು ಏಳು ಟಣ್, ಆಮೇಲೆ ಏನೂ ಇಲ್ಲ. ಏನಾಯಿತೋ ಎಂದು ಎದ್ದರು. ಕಾಲು ಹಗ್ಗಕ್ಕೆ ತೊಡರಿತು. ಬೀಳುತ್ತ ಕರೆದರು.

"ಬೇಟಾ!"

ಅದು ಚಹಾ ಆರುತ್ತಿದೆ ಎಂದು ಕರೆಯುವ ದನಿಯಾಗಿರಲಿಲ್ಲ. ನಾನು ಇಡೀ ಮೈ ತಿರುಗಿಸಿದೆ. "ರೀ" ಅಂದೆ.

"ಸ್ಟಾಪ್!" ಎಂದರು ನನ್ನ ಹಿಂದೆಯೇ ಬರುತ್ತಿದ್ದ ಸಂಘದ ಅಧಿಕಾರಿ. ಒಂದು ಕ್ಷಣದಲ್ಲಿ ನನ್ನ ಮುಂಗೈ ಹಿಡಿದು ದಿಬ್ಬದ ಕಡೆ ತಿರುಗಿಸಿದ್ದರು. ಅಲ್ಲಿಗೆ ಮುಗಿಯಿತು.

ತಿರುಗಿದ್ದನ್ನು ಎಲ್ಲರೂ ನೋಡಿದರು. ಇನ್ನೊಂದನ್ನು ನೋಡಿದವರು ಇಬ್ಬರೇ, ನಾನು ಮತ್ತು ಆ ಅಧಿಕಾರಿ. ಗುಂಡು ತುಂಬಿದ ಪಿಸ್ತೂಲಿನ ಬಾಯಿ ನೆಲದ ಮೇಲೆ ಬಿದ್ದಿದ್ದ ಉಸ್ತಾದರ ಮುಖಕ್ಕಿತ್ತು, ನನ್ನ ಬೆರಳು ಒಳಗಿತ್ತು. ಟ್ರಿಗರಿನ ಮೇಲಿತ್ತು. ಮೂರು ವರ್ಷ ಕತ್ತರಿಯ ಮೇಲೂ ನೆಟ್ಟಗಿದ್ದ ಬೆರಳು, ಬೇಕಾದ ಆ ಒಂದು ಹೊತ್ತಿನಲ್ಲಿ ಬಾಗಿತ್ತು. ಅಧಿಕಾರಿ ಒಳ್ಳೆಯವರು. ಕಾಗದದ ಮೇಲೆ ತಿರುಗಿದ್ದನ್ನಷ್ಟೇ ಬರೆದರು. "ಎಲ್ಲಾರಿಗೂ ಒಮ್ಮೆ ಆಗತೈತ್ರಿ. ಇದನ್ನ ದಾಟಿದವರ ಮುಂದ ಛಲೋ ಆಡತಾರ" ಎಂದರು. ಹೊಸಬರಿಗೆಲ್ಲ ಹೀಗೇ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ನಾನು ದಾಟಲಿಲ್ಲ.

ಉಸ್ತಾದರ ಮೊಣಕೈ ತರಚಿ ರಕ್ತ ಬರುತ್ತಿತ್ತು. "ತಪ್ಪು ನಂದು, ಸಾಹೇಬರ. ನಾ ಕರದೆ. ಆಕೀದಲ್ಲ" ಎಂದು ಎಲ್ಲರಿಗೂ ಹೇಳುತ್ತ, ಯಾರ ಮುಖ ಎಲ್ಲಿದೆ ಎಂದು ತಿಳಿಯದೆ ಕಂಬಕ್ಕೂ ಹೇಳಿದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಭಟ್ಟಿಗೆ ಬೀಗ ಬಿತ್ತು. ಕಣ್ಣು ಪೂರ್ತಿ ಹೋದ ಮೇಲೆ ಗ್ಯಾರೇಜೂ ಮುಚ್ಚಿತು. ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಮನೆಗೆ ಹೋಗುವ ದಾರಿಯೂ ಅದೇ. ನನ್ನ ಸ್ಕೂಟಿಯ ಸದ್ದು ಅವರಿಗೆ ಗೊತ್ತು, ರಿಪೇರಿ ಮಾಡಿದವರೇ ಅವರು. ದಿನವೂ ಸಂಜೆ "ಬೇಟಾ!" ಎಂದು ಕರೆಯುತ್ತಿದ್ದರು. ನಾನು ತಿರುಗುತ್ತಿರಲಿಲ್ಲ. ನಾಚಿಕೆಗೇಡು ಹೇಳುತ್ತೇನೆ ಕೇಳಿ, ಎರಡು ವರ್ಷ, ಒಂದು ದಿನವೂ ತಿರುಗಲಿಲ್ಲ. ಕಲಿಯಬೇಕಾದಾಗ ಕಲಿಯದ ಪಾಠವನ್ನು ಆಮೇಲೆ ಇಷ್ಟು ಚೆನ್ನಾಗಿ ಒಪ್ಪಿಸಿದೆ. ಹೋದ ಮಳೆಗಾಲದಿಂದ ಅವರು ಕರೆಯುವುದು ನಿಂತಿತು. ಮುನಿಸಿಕೊಂಡಿರಬೇಕೆಂದುಕೊಂಡೆ. ನಿಜ ಹೇಳಬೇಕೆಂದರೆ ಬದುಕಿದೆ ಅನಿಸಿತು.

ಇವತ್ತು ಆ ಹುಡುಗಿಯ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಸಂಜೆ ಗ್ಯಾರೇಜಿನ ಮುಂದೆ ಸ್ಕೂಟಿ ನಿಲ್ಲಿಸಿದೆ. ಅವರು ಆ ಕಡೆ ಮುಖ ಮಾಡಿ ಕೂತಿದ್ದರು. "ಉಸ್ತಾದ್" ಅಂದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ನನಗಿದು ತಕ್ಕದ್ದೇ ಎಂದುಕೊಂಡು ನಿಂತಿದ್ದಾಗ ಅವರ ಸೊಸೆ ಹೊರಗೆ ಬಂದಳು.

"ಕರದು ಉಪಯೋಗಿಲ್ರೀ ಬಾಯಿ. ಮಳಿಗಾಲದಾಗ ಜ್ವರ ಬಂದಿದ್ವು. ಆವಾಗಿಂದ ಕಿವೀನೂ ಹೋಗ್ಯಾವ."

ಮುನಿಸಲ್ಲ. ನನ್ನ ಸ್ಕೂಟಿ ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ಎದುರಿಗೆ ಹೋಗಿ ನೆಲದ ಮೇಲೆ ಕೂತು ಅವರ ಕೈ ಹಿಡಿದೆ. "ಯಾರದು?" ಎಂದರು. ಹೆಸರು ಹೇಳಿ ಏನು ಪ್ರಯೋಜನ? ಅವರ ಬೆರಳುಗಳು ನನ್ನ ಅಂಗೈ ತಡವಿದವು, ಹೆಬ್ಬೆರಳು ಮುಟ್ಟಿದವು, ತೋರುಬೆರಳಿಗೆ ಬಂದು ನಿಂತವು. ಅದು ಎಂದಿನಂತೆ ನೆಟ್ಟಗಿತ್ತು.

"ಟೇಲರ್?" ಅಂದರು. ನನ್ನ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಬೇಟಾ, ಎಷ್ಟು ದಿನ ಕರದೆ ನಿನಗ. ಒಂದ ಮಾತು ಕೇಳೋದಿತ್ತು. ಅವತ್ತು ನಾ ಬಿದ್ದಾಗ ನೀ ತಿರುಗಿದಿ, ಅದು ನನ್ನ ಸಲುವಾಗಿ, ಹೋಗಲಿ. ಬೆರಳು? ಬೆರಳು ಹೊರಗಿತ್ತಲ್ಲ?"

ಒಳಗಿತ್ತು ಎಂದು ಕೂಗಿ ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಕಾಯುತ್ತ ಕೂತಿದ್ದರು, ನನ್ನ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಅದನ್ನು ಬಾಗಿಸಿದ್ದರೆ ಸಾಕಿತ್ತು, ತಿಳಿಯುತ್ತಿತ್ತು. ನಾನು ಬಾಗಿಸಲಿಲ್ಲ.

"ಹೊರಗಿತ್ತು" ಎಂದರು. ನೆಟ್ಟಗಿದ್ದ ಬೆರಳನ್ನು ಎರಡು ಸಲ ಸವರಿದರು. "ಶಾಬಾಸ್. ಹಂಗಾದ್ರ ನಾ ಕಲಿಸಿದ್ದು ಹಾಳಾಗಲಿಲ್ಲ."

ನಾಳೆ ಆ ಹುಡುಗಿ ಬ್ಲೌಸಿಗೆ ಬಂದಾಗ ಬೆರಳಿನ ಮಾತನ್ನೇ ಮೊದಲು ಹೇಳುತ್ತೇನೆ. ನನ್ನದು ಎಲ್ಲಿತ್ತೆಂಬುದನ್ನೂ ಹೇಳುತ್ತೇನೆ. ಯಾರಿಗಾದರೂ ಹೇಳಲೇಬೇಕು.

ಅಷ್ಟರಲ್ಲಿ ಮಸೀದಿಯಿಂದ ಸಂಜೆಯ ಆಜಾನ್ ಕೇಳಿಸಿತು. ಅವರಿಗೆ ಅದೂ ಕೇಳಿಸಲಿಲ್ಲ, ಉತ್ತರಕ್ಕೆ ಮುಖ ಮಾಡಿ ನಗುತ್ತ ಕೂತಿದ್ದರು. ನಾನು ಭುಜ ತಟ್ಟಿದೆ. ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದು, ಮೆಲ್ಲಗೆ, ಅವರನ್ನು ಪಶ್ಚಿಮಕ್ಕೆ ತಿರುಗಿಸಿದೆ.